ಹಿಂದಿನ ಸೀಟಿನ ಮಹಾರಾಜ

ನಾನು ಏನನ್ನೂ ನೋಡುವುದಿಲ್ಲ ಎಂಬುದು ನನ್ನ ಹೆಂಡತಿಯ ದೂರು. ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇವಳು ಕನ್ನಡಕದ ಅಂಗಡಿ ಇಟ್ಟುಕೊಂಡವಳು. ದಿನವಿಡೀ ಜನರನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಯಾರಿಗೆ ಎಷ್ಟು ಕಾಣುತ್ತದೆ ಎಂದು ತೀರ್ಪು ಕೊಡುವವಳು. ಅವಳ ಬಾಯಿಂದ ಬಂದರೆ ಅದು ದೂರಲ್ಲ, ಸರ್ಟಿಫಿಕೇಟು.

ನನ್ನ ಉದ್ಯೋಗ ಕಾರು ಕಲಿಸುವುದು. ಕಲಿಯುವವರ ಪಕ್ಕದಲ್ಲಿ ಕೂತು, ನನ್ನ ಕಾಲಡಿ ಇರುವ ಇನ್ನೊಂದು ಬ್ರೇಕಿನ ಮೇಲೆ ಸದಾ ಪಾದ ಇಟ್ಟುಕೊಂಡು, ಊರಿನ ಅರ್ಧ ಜನರ ಪ್ರಾಣ ಉಳಿಸಿದವನು ನಾನು. ಉಳಿದರ್ಧ ಜನರ ಪ್ರಾಣವನ್ನು ಈ ಅರ್ಧ ಜನರಿಂದ ಉಳಿಸಿದವನೂ ನಾನೇ. ಇಂಥವನು ನೋಡುವುದಿಲ್ಲ ಎಂದರೆ ಹೇಗೆ? ನೋಡುತ್ತೇನೆ. ರಸ್ತೆ ನೋಡುತ್ತೇನೆ, ಕನ್ನಡಿ ನೋಡುತ್ತೇನೆ, ಮತ್ತೆ ರಸ್ತೆ ನೋಡುತ್ತೇನೆ. ಲೋಕದಲ್ಲಿ ಇನ್ನೇನಾದರೂ ಇದ್ದರೆ ಅದು ಅಡ್ಡ ಬಂದಾಗ ತಾನಾಗಿ ಕಾಣುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು.

"ಹೋದ ಸಲ ನನ್ನ ತಂಗಿ ಮನೆಗೆ ಹೋದ್ವಲ್ಲ, ದಾರೀಲಿ ಏನು ನೋಡಿದ್ರಿ ಹೇಳಿ," ಎಂದಳು ಒಂದು ದಿನ ಊಟದ ನಡುವೆ.

"ಎರಡು ಕಡೆ ರಸ್ತೆ ಅಗೆದಿದ್ರು. ಸೇತುವೆ ಹತ್ರ ಒಬ್ಬ ಇಂಡಿಕೇಟರ್ ಹಾಕದೆ ತಿರುಗಿಸ್ದ."

"ಸೇತುವೆ ಕೆಳಗೆ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. "ಕೆಳಗೆ ನಾವು ಹೋಗ್ಲೇ ಇಲ್ವಲ್ಲ."

"ನದಿ ಇತ್ತು. ನದಿ ತುಂಬ ಕೆಂಪು ಹೂವು ತೇಲ್ಕೊಂಡು ಬರ್ತಿತ್ತು. ನೋಡಿ ಅಂತ ನಿಮ್ಮ ಭುಜ ಅಲ್ಲಾಡಿಸ್ದೆ. ನೀವು 'ಕ್ಲಚ್ ಹಾಕಿದೀನಿ, ಮುಟ್ಟಬೇಡ' ಅಂದ್ರಿ."

ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. (ಗಂಡಂದಿರು ಬಹಳ ಸಲ ಹಾಗೆ ಅಂದುಕೊಳ್ಳುತ್ತಾರೆ.) ಮರುದಿನ ತಟ್ಟೆ ಒರೆಸುತ್ತ, ಹಾಲಿನವನಿಗೆ ಹೇಳುವಷ್ಟೇ ಸಹಜವಾಗಿ ಅವಳು ಘೋಷಣೆ ಹೊರಡಿಸಿದಳು. ಮುಂದಿನ ವಾರ ಅಂಗಡಿಗೆ ರಜೆ, ನನ್ನ ತರಗತಿಗೂ ರಜೆ. ನಮ್ಮದೇ ಕಾರಿನಲ್ಲಿ ಹಳೆಯ ಕೋಟೆಗಳ ಪ್ರವಾಸ. ಹೈವೇ ಕೂಡದು, ಒಳದಾರಿ ಮಾತ್ರ. ಕನ್ನಡಕದ ಫ್ರೇಮುಗಳ ಬೀರುವಿನ ಬಾಗಿಲ ಒಳಬದಿಗೆ ಅವಳು ಮ್ಯಾಗಜಿನ್‌ಗಳಿಂದ ಕತ್ತರಿಸಿದ ಕೋಟೆಯ ಚಿತ್ರಗಳನ್ನು ಅಂಟಿಸಿಕೊಂಡಿದ್ದಳಂತೆ, ವರ್ಷಗಟ್ಟಲೆಯಿಂದ. ಆ ಬೀರುವನ್ನು ನಾನೇ ಎಷ್ಟೋ ಸಲ ತೆರೆದಿದ್ದೇನೆ. ಕೀಲಿಗೆ ಎಣ್ಣೆ ಬೇಕು ಎಂಬುದನ್ನು ಮಾತ್ರ ಗಮನಿಸಿದ್ದೆ.

"ಅಪ್ಪನೂ ಬರ್ತಾರೆ," ಎಂದಳು ಕೊನೆಗೆ.

ನಮ್ಮ ಮಾವನವರು ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಗಾರ್ಡಿನ ಡಬ್ಬಿ ರೈಲಿನ ಕಟ್ಟಕಡೆಗಿರುತ್ತದಲ್ಲ. ಇಡೀ ಆಯುಸ್ಸು ಅವರು ಜಗತ್ತನ್ನು ಅದು ದಾಟಿ ಹೋದ ಮೇಲಷ್ಟೇ ನೋಡಿದವರು. ಕಾರಿನಲ್ಲೂ ಅದೇ ಚಾಳಿ. ಹಿಂದಿನ ಸೀಟಿನಲ್ಲಿ ಓರೆಯಾಗಿ ಕೂತು, ಹಿಂಬದಿ ಗಾಜಿನಲ್ಲಿ ಕಣ್ಣಿಟ್ಟು, "ಒಳ್ಳೆ ಕೆರೆ ಹೋಯ್ತು," "ಕುದುರೆ ಹೋದ್ವು, ಬಿಳೀದೂ ಇತ್ತು," ಎಂದು ವರದಿ ಒಪ್ಪಿಸುತ್ತಾರೆ. ನೀವು ಕತ್ತು ತಿರುಗಿಸುವ ಹೊತ್ತಿಗೆ ಕುದುರೆಯೂ ಇರುವುದಿಲ್ಲ, ಕೆರೆಯೂ ಇರುವುದಿಲ್ಲ. ಅವರಿಗೆ ಅದರಿಂದ ಬೇಸರವಿಲ್ಲ. ಹೋದದ್ದೇ ಅವರಿಗೆ ಚೆಂದ.

ಹೀಗೆ ಮೂವರೂ ಹೊರಟೆವು. ಮೊದಲ ದಿನ ಕಾರು ನನ್ನ ಕೈಯಲ್ಲೇ ಇತ್ತು. ಹೆಂಡತಿ "ಅಲ್ನೋಡಿ" ಎಂದಾಗಲೆಲ್ಲ "ನೋಡ್ದೆ" ಎಂದೆ. ಒಳದಾರಿಯ ತಿರುವುಗಳನ್ನು ಒಂದೊಂದಾಗಿ ಜಯಿಸುತ್ತ, ನಡುಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿನ ಮೊದಲನೆಯ ಕೋಟೆಗೆ ನಮ್ಮ ಸವಾರಿ ಚಿತ್ತೈಸಿತು.

ಕೋಟೆಗೆ ಒಂದು ಎತ್ತರದ ಬುರುಜು. ಸುರುಳಿ ಮೆಟ್ಟಿಲು ಹತ್ತಿ ಮೇಲೆ ಹೋದರೆ ನಾಲ್ಕು ದಿಕ್ಕಿಗೂ ನಾಡು ಹರಡಿಕೊಂಡಿತ್ತಂತೆ. ಅಂತೆ ಎಂದೆ, ಏಕೆಂದರೆ ನಾನು ಕಂಡದ್ದು ಕೆಳಗಿನ ಪಾರ್ಕಿಂಗ್ ಜಾಗವನ್ನು. ಅಲ್ಲೊಬ್ಬ ಮಹಾನುಭಾವ ನೀಲಿ ಕಾರನ್ನು ಎರಡು ಕಾರುಗಳ ನಡುವೆ ನಿಲ್ಲಿಸಲು ಹೆಣಗಾಡುತ್ತಿದ್ದ. ಮುಂದೆ ಬರುತ್ತಾನೆ, ಹಿಂದೆ ಹೋಗುತ್ತಾನೆ, ಮತ್ತೆ ಅದೇ ತಪ್ಪು ಕೋನ. ಅಲ್ಲಿ ಅವನ ಕಷ್ಟ, ಇಲ್ಲಿ ನನ್ನ ಸಂಕಟ.

"ಪೂರ್ತಿ ತಿರುಗಿಸಿ," ಎಂದು ಬುರುಜಿನ ಮೇಲಿಂದ ಕೂಗಿದೆ. "ಇನ್ನೂ. ಇನ್ನೂ. ಈಗ ನೇರ ಮಾಡಿ."

ಹಿಂದೆ ರಾಜರು ಅದೇ ಜಾಗದಲ್ಲಿ ನಿಂತು ಸೈನ್ಯಕ್ಕೆ ಆಜ್ಞೆ ಕೊಟ್ಟಿರಬೇಕು. ಅವನಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಹೇಳೋಣವೆಂದು ಅವನ ಮೇಲಿಟ್ಟ ಕಣ್ಣು ತೆಗೆಯದೆ ಮೆಟ್ಟಿಲ ಕಡೆ ನಡೆದೆ. ಮೆಟ್ಟಿಲು ನಾನು ತಿಳಿದುದಕ್ಕಿಂತ ಒಂದಡಿ ಮೊದಲೇ ಶುರುವಾಗಿತ್ತು. ಸುರುಳಿ ಮೆಟ್ಟಿಲ ಮೊದಲ ತಿರುವಿನಲ್ಲಿ ನನ್ನ ಪಾದವೂ ಒಂದು ತಿರುವು ತೆಗೆದುಕೊಂಡಿತು. ದುರ್ಗ ನೋಡಲು ಹೋದವನಿಗೆ ಮೊದಲ ದಿನವೇ ದುರ್ಗತಿ.

ಮಾವನವರು ಒಂದು ಕಡೆ, ನೀಲಿ ಕಾರಿನ ಆ ಮಹಾನುಭಾವ ಇನ್ನೊಂದು ಕಡೆ ಹಿಡಿದು ನನ್ನನ್ನು ಕೆಳಗಿಳಿಸಿದರು. (ಅವನು ಕಾರನ್ನು ಕೊನೆಗೂ ಅಡ್ಡಡ್ಡವೇ ನಿಲ್ಲಿಸಿದ್ದ.) ಅಷ್ಟರಲ್ಲಿ ಬಲಗಾಲಿನ ಹರಡು ಕುಂಬಳಕಾಯಿಯ ಗಾತ್ರಕ್ಕೆ ಬಂದಿತ್ತು. ಹತ್ತಿರದ ಊರಿನಿಂದ ಬಂದ ವೈದ್ಯೆ ಬಿಗಿಯಾಗಿ ಬಟ್ಟೆ ಸುತ್ತಿ, ಮೂಳೆ ಮುರಿದಿಲ್ಲ, ಆದರೆ ಈ ಕಾಲಿಗೆ ಕೆಲವು ದಿನ ಕೆಲಸ ಕೊಡಬೇಡಿ ಎಂದರು.

"ಪ್ರವಾಸ ಇಲ್ಲಿಗೆ ಮುಗೀತು," ಎಂದೆ ಕಾರಿನ ಪಕ್ಕ ನಿಂತು. ಒಳಗೊಳಗೆ ಸ್ವಲ್ಪ ಖುಷಿಯೂ ಆಗಿತ್ತು ಎಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. "ಯಾರನ್ನಾದ್ರೂ ಕರೆಸ್ಬೇಕು, ಕಾರು ಮನೆಗೆ ತಗೊಂಡು ಹೋಗೋಕೆ."

ಹೆಂಡತಿ ಕೈಚೀಲದ ಒಳಚೀಲದಿಂದ ಒಂದು ಲೈಸೆನ್ಸ್ ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿದ್ದ ಫೋಟೊ ಅವಳದೇ. ಮೊಹರು ಅಸಲಿ. ಮುಗುಳ್ನಗೆಯೂ ಅಸಲಿ.

"ಇದು ಯಾವಾಗ?"

"ಆಯ್ತು ಸುಮಾರು ದಿನ."

"ಯಾರ ಹತ್ರ ಕಲಿತೆ?"

ಅವಳು ಗುಡ್ಡದ ಕಡೆ ನೋಡಿದಳು. ಮಾವನವರು ಆಕಾಶದ ಕಡೆ ನೋಡಿದರು. ಅವರಿಗೂ ಗೊತ್ತಿತ್ತು ಎಂಬುದು ಆಗಲೇ ನನಗೆ ಗೊತ್ತಾದದ್ದು.

"ಎದುರುಗಡೆಯವರ ಹತ್ರ," ಎಂದಳು.

ಎದುರುಗಡೆಯವನು ಎಂದರೆ, ನನ್ನ ಶಾಲೆಯ ಎದುರಿಗೇ ತನ್ನ ಡ್ರೈವಿಂಗ್ ಶಾಲೆ ತೆರೆದು, ನನ್ನ ಬೋರ್ಡಿಗಿಂತ ಒಂದು ಗೇಣು ದೊಡ್ಡ ಬೋರ್ಡು ತೂಗುಹಾಕಿರುವ ಮನುಷ್ಯ. ಕಲಿಯುವವರ ಜೊತೆ ನಗುನಗುತ್ತ ಮಾತಾಡುತ್ತಾನೆ. ಕಲಿಸುವವನು ನಗಬಾರದು ಎಂಬ ಪ್ರಾಥಮಿಕ ಜ್ಞಾನವೂ ಇಲ್ಲದವನು. ಕಾಲಿನ ನೋವು ಆ ಕ್ಷಣ ಎಲ್ಲಿ ಹೋಯಿತೋ ಕಾಣೆ. ಅದಕ್ಕಿಂತ ಮೇಲೆ, ಎದೆಯ ಆಸುಪಾಸಿನಲ್ಲಿ, ಬೇರೊಂದು ಊತ ಶುರುವಾಯಿತು.

ಅವಳು ಸ್ಟಿಯರಿಂಗ್ ಹಿಡಿದು ಕೂತಳು. ನಾನು ಪಕ್ಕದ ಸೀಟಿನಲ್ಲಿ ಕೂತೆ. ಅದು ನನ್ನ ಸಿಂಹಾಸನ. ಮನೆಯ ಕಾರಿಗೂ ಅಲ್ಲಿ ಇನ್ನೊಂದು ಬ್ರೇಕ್ ಹಾಕಿಸಿದ್ದೆ. ಬಲಗಾಲು ರಜೆಯಲ್ಲಿದ್ದರೂ ಎಡಗಾಲು ಕರ್ತವ್ಯನಿಷ್ಠವಾಗಿತ್ತು. ಮೊದಲ ತಿರುವಿನಲ್ಲಿ ಅವಳು ಬ್ರೇಕ್ ಹಾಕುವ ಮೊದಲೇ ನಾನು ಹಾಕಿದೆ. ಎರಡನೆಯ ತಿರುವಿನಲ್ಲೂ ಹಾಕಿದೆ. ಆಮೇಲೆ ತಿರುವಿಲ್ಲದ ಕಡೆಯೂ, ಮುನ್ನೆಚ್ಚರಿಕೆಗಾಗಿ, ಹಾಕಿದೆ. ಅವಳು ಕಾರನ್ನು ಮರದ ನೆರಳಿಗೆ ನಿಲ್ಲಿಸಿ, ಇಳಿದು ಬಂದು, ನನ್ನ ಬಾಗಿಲು ತೆರೆದಳು.

"ಹಿಂದೆ ಹೋಗಿ ಕೂತ್ಕೊಳ್ಳಿ."

"ನೀನು ಓಡಿಸೋದು ಸರಿಯಾಗೇ ಇದೆ, ನಾನು ಸುಮ್ನೆ…"

"ಸರಿಯಾಗಿದೆ ಅಂದ್ರಲ್ಲ, ಅಷ್ಟು ಸಾಕು. ಹಿಂದೆ. ಕಾಲು ಚಾಚಿ ಕೂತ್ಕೊಳ್ಳಿ. ಅಪ್ಪಾ, ನೀವು ಮುಂದೆ ಬನ್ನಿ."

ಹೀಗೆ ಒಂದೇ ಏಟಿಗೆ ಇಬ್ಬರು ಗಂಡಸರ ಲೋಕ ಉಲ್ಟಾ ಆಯಿತು. ಜೀವಮಾನದಲ್ಲೇ ಮೊದಲ ಸಲ ಮುಂದಿನಿಂದ ಬರುವುದನ್ನು ನೋಡಬೇಕಾಗಿ ಬಂದ ಮಾವನವರು ಕಂಗಾಲಾದರು. ಲಾರಿ ಎದುರಾದಾಗಲೆಲ್ಲ ಕಣ್ಣು ಮುಚ್ಚಿದರು. ಆಮೇಲೆ ಸೂರ್ಯನಿಗೆ ಅಡ್ಡ ಹಿಡಿಯುವ ಹಲಗೆ ಇಳಿಸಿ, ಅದರ ಒಳಗಿದ್ದ ಪುಟ್ಟ ಕನ್ನಡಿಯನ್ನು ಕಂಡುಹಿಡಿದು, ಅದರಲ್ಲೇ ಹಿಂದಿನ ದಾರಿ ನೋಡುತ್ತ ಸಮಾಧಾನವಾದರು.

ನಾನು? ಇಡೀ ಸೀಟಿನ ಉದ್ದಕ್ಕೂ ಕಾಲು ಚಾಚಿ, ಬೆನ್ನಿಗೊಂದು ದಿಂಬು ಒತ್ತಿಕೊಂಡು, ಮುಖ ಗಂಟಿಕ್ಕಿಕೊಂಡು ಕೂತೆ. ನೋಡಲು ರಸ್ತೆ ಇರಲಿಲ್ಲ. ಕನ್ನಡಿ ಇರಲಿಲ್ಲ. ಕಾಲಿಗೆ ಬ್ರೇಕ್ ಇರಲಿಲ್ಲ. ಇದ್ದದ್ದು ಒಂದು ಕಿಟಕಿ. ಬೇರೆ ದಾರಿ ಕಾಣದೆ ಅದರಿಂದ ಹೊರಗೆ ನೋಡಿದೆ.

ಮೊದಲು ಕಂಡದ್ದು ಆಕಾಶ. ಅದು ಅಷ್ಟು ದೊಡ್ಡದಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ಆಕಾಶವೆಂದರೆ ಸಿಗ್ನಲ್ ದೀಪದ ಹಿಂದೆ ಉಳಿದ ಜಾಗ. ಇಲ್ಲಿ ಅದು ಗುಡ್ಡದಿಂದ ಗುಡ್ಡಕ್ಕೆ ಒಣಹಾಕಿದ ಬಟ್ಟೆಯಂತೆ ಹರಡಿಕೊಂಡು, ಅಲ್ಲಲ್ಲಿ ಗಾಳಿಗೆ ಉಬ್ಬಿತ್ತು. ಕೆಳಗೆ ಹೊಲಗಳು, ಹಸಿರಿನ ಮೇಲೆ ಹಳದಿ, ಹಳದಿಯ ಮೇಲೆ ಮೋಡದ ನೆರಳು. ಆ ನೆರಳು ನಮ್ಮ ಕಾರಿನ ಜೊತೆಗೇ ಸ್ವಲ್ಪ ದೂರ ಬಂದು, ಯಾವುದೋ ತೋಪಿನ ಹತ್ತಿರ ಬೇರೆ ಕೆಲಸ ನೆನಪಾದಂತೆ ನಿಂತುಬಿಟ್ಟಿತು. ಒಂದು ನದಿ ಬಂತು. ಮರೆಯಾಯಿತು. ಇನ್ನೊಂದು ಕಡೆಯಿಂದ ಮತ್ತೆ ಬಂತು. ನಾವು ಅದನ್ನು ಹಿಂಬಾಲಿಸುತ್ತಿದ್ದೇವೋ ಅದು ನಮ್ಮನ್ನೋ ತಿಳಿಯಲಿಲ್ಲ. ಇಂಡಿಕೇಟರ್ ಹಾಕದೆ ಇಷ್ಟು ಸುಂದರವಾಗಿ ತಿರುಗುವವರನ್ನು ನಾನು ಈವರೆಗೆ ಕಂಡಿರಲಿಲ್ಲ.

ಯಾವಾಗ ಮುಖದ ಗಂಟು ಬಿಚ್ಚಿತೋ ಗೊತ್ತಿಲ್ಲ. ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. (ಅವಳ ಕ್ಲಚ್ಚು ಬೆಣ್ಣೆ ಎಂದು ವೃತ್ತಿಧರ್ಮಕ್ಕೆ ಕಟ್ಟುಬಿದ್ದು ಒಪ್ಪಿಕೊಳ್ಳಲೇಬೇಕು.) ಅರೆನಿದ್ದೆ, ಅರೆಎಚ್ಚರ. ದೂರದ ದಿಬ್ಬದ ಮೇಲೆ ಕಂಡ ಮೋಟು ಗೋಪುರ ಮೋಡವಾಗಿ, ಮೋಡ ಮತ್ತೆ ಗೋಪುರವಾಗಿ ಕಂಡಿತು. ನಾನೊಬ್ಬ ಅರಸ. ಬೇಟೆಯಲ್ಲಿ ಕಾಲಿಗೆ ಗಾಯ. ಪಲ್ಲಕ್ಕಿಯಲ್ಲಿ ಅರಮನೆಗೆ ಮರಳುತ್ತಿದ್ದೇನೆ. ಚರಿತ್ರೆಯಲ್ಲಿ ಯಾವ ಅರಸನೂ ತನ್ನ ಪಲ್ಲಕ್ಕಿಯನ್ನು ತಾನೇ ಓಡಿಸಿದ್ದು ಕೇಳಿದ್ದೀರಾ? ನಾನೊಬ್ಬ ಮಾತ್ರ ಇಷ್ಟು ವರ್ಷ ಆ ತಪ್ಪು ಮಾಡಿಕೊಂಡು ಬಂದಿದ್ದೆ.

ಎರಡನೆಯ ಕೋಟೆ ಒಂದು ಸರೋವರದ ನಡುವೆ ಇತ್ತು. ಅದನ್ನು ತಲುಪಲು ಕಲ್ಲಿನ ಉದ್ದನೆಯ ದಾರಿ. ನನಗೆ ನಡೆಯಲಾಗದ್ದರಿಂದ ಮಾವನವರೊಬ್ಬರೇ ಒಳಗೆ ಹೋದರು. ನಾವಿಬ್ಬರೂ ದಡದ ಹುಲ್ಲಿನ ಮೇಲೆ ಕೂತೆವು. ನೀರಿನೊಳಗೆ ಇನ್ನೊಂದು ಕೋಟೆ ತಲೆಕೆಳಗಾಗಿ ನಿಂತಿತ್ತು. ಗಾಳಿ ಬೀಸಿದರೆ ಮುರಿಯುತ್ತಿತ್ತು, ನಿಂತರೆ ಸದ್ದಿಲ್ಲದೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಅವಳು ಕಿತ್ತಳೆ ಸುಲಿದು ಒಂದೊಂದೇ ತೊಳೆ ನನ್ನ ಕೈಗಿಡುತ್ತಿದ್ದಳು. 

"ನನಗೆ ಒಂದು ಮಾತು ಹೇಳಬಹುದಿತ್ತು," ಎಂದೆ ಕೊನೆಗೆ.

"ಹೇಳಿದ್ರೆ ನೀವೇ ಕಲಿಸ್ತೀನಿ ಅಂತಿದ್ರಿ."

"ಅದರಲ್ಲಿ ತಪ್ಪೇನು?"

"ಒಂದ್ಸಲ ಕಲಿಸಿದ್ರಲ್ಲ, ಮದುವೆಯಾದ ಹೊಸದ್ರಲ್ಲಿ. ನಾನು ಕಾರು ಅಲ್ಲೇ ಬಿಟ್ಟು ಮನೆಗೆ ನಡ್ಕೊಂಡು ಬಂದಿದ್ದೆ. ನೀವು ಮನೆಗೆ ಬಂದು, 'ಬಾಗಿಲು ಸರಿಯಾಗಿ ಹಾಕದೆ ಇಳಿದೆ' ಅಂದ್ರಿ."

ಅದು ನಿಜ. ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಆದರೆ ಅದನ್ನು ಆ ನೀರಿನ ಎದುರು ಹೇಳಲು ಮನಸ್ಸಾಗಲಿಲ್ಲ.

"ಅವನು ಹೇಗೆ ಕಲಿಸ್ತಾನೆ?"

"ಏನೂ ಹೇಳಲ್ಲ. ತಪ್ಪಾದ್ರೆ, 'ಪರವಾಗಿಲ್ಲ, ಇನ್ನೊಂದ್ಸಲ ಹೋಗೋಣ' ಅಂತಾರೆ. ಅಷ್ಟೆ." ಅವಳು ಕೊನೆಯ ತೊಳೆ ನನಗೆ ಕೊಟ್ಟಳು. "ಕಾರು ಕಲ್ತಿದ್ದು ನಿಮ್ಮನ್ನ ಸೋಲಿಸೋಕಲ್ಲ. ಒಂದು ದಿನ ನೀವು ಹಿಂದೆ ಕೂತಿರ್ಬೇಕು, ನಾನು ಓಡಿಸ್ಬೇಕು, ನಾನು ನೋಡಿದ್ದನ್ನ ನೀವೂ ನೋಡ್ಬೇಕು ಅಂತ ಆಸೆ ಇತ್ತು. ಕಾಲು ಉಳುಕಲಿ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ."

ನೀರಿನಲ್ಲಿ ಕೋಟೆ ಮತ್ತೆ ಮುರಿಯಿತು. ನಾನು ತೊಳೆಯನ್ನು ಬಾಯಿಗೆ ಹಾಕಿಕೊಂಡೆ. ಇಂಥ ಮಾತಿಗೆ ಏನು ಉತ್ತರ ಕೊಡಬೇಕೆಂದು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಎದುರುಗಡೆಯವನ ಶಾಲೆಯಲ್ಲೂ ಇಲ್ಲವೆಂದು ನಂಬಿದ್ದೇನೆ.

ಮುಂದಿನ ದಿನಗಳು ಒಂದಕ್ಕೊಂದು ಕರಗಿಹೋದವು. ಯಾವುದು ಯಾವ ದಿನ ಎಂದು ಕೇಳಿದರೆ ಹೇಳಲಾರೆ. ಮಂಜಿನಲ್ಲಿ ಬರೀ ನೆತ್ತಿ ಮಾತ್ರ ತೋರಿಸಿದ ಒಂದು ಕೋಟೆ ಇತ್ತು. ಇನ್ನೊಂದರಲ್ಲಿ ಉಳಿದದ್ದು ಒಂದೇ ಗೋಡೆ, ಗೋಡೆಯಲ್ಲಿ ಒಂದೇ ಕಿಟಕಿ. ಅದರ ಈಚೆಯೂ ಹೊರಗೆ, ಆಚೆಯೂ ಹೊರಗೆ. ಒಂದು ಕಾಲದಲ್ಲಿ ಯಾವ ರಾಣಿ ಅಲ್ಲಿ ನಿಂತು ಯಾರ ದಾರಿ ಕಾಯುತ್ತಿದ್ದಳೋ, ಈಗ ಒಂದು ಮೇಕೆ ನಿಂತು ನಮ್ಮ ದಾರಿ ಕಾಯುತ್ತಿತ್ತು. ಹಳ್ಳಿಯ ಅತಿಥಿಗೃಹಗಳಲ್ಲಿ ತಂಗಿದೆವು. ಬೆಳಿಗ್ಗೆ ಕಿಟಕಿ ತೆರೆದರೆ ಒದ್ದೆ ಹುಲ್ಲಿನ ವಾಸನೆ, ಎಲ್ಲೋ ದೂರದಲ್ಲಿ ಯಾರೋ ಹಾಲಿನ ಪಾತ್ರೆ ಇಟ್ಟ ಸದ್ದು. ನಾನು ಕೆಲಸಕ್ಕೆ ಬಾರದ ಪ್ರಶ್ನೆಗಳನ್ನು ಕೇಳತೊಡಗಿದೆ. ಆ ಹಕ್ಕಿಯ ಹೆಸರೇನು, ಆ ಗುಡ್ಡ ಯಾಕೆ ನೀಲಿ. ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದಳು. ಮಾವನವರು ಮಾತ್ರ, "ಅಳಿಯಂದ್ರು ಹೀಗಾಗಿದ್ದು ಬಿದ್ದ ಏಟಿಗೇನೋ, ತಲೆಗೂ ಪೆಟ್ಟಾಗಿದೆಯಾ ನೋಡಮ್ಮ," ಎಂದು ಮಗಳ ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ಹೇಳುವಾಗಲೂ ಅವರ ಧ್ವನಿ ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸುತ್ತದೆ.

ಕೊನೆಯ ದಿನ ಬಂತು. ಊತ ಇಳಿದಿತ್ತು. ಮಧ್ಯಾಹ್ನದ ಮೇಲೆ ಕೊನೆಯ ಕೋಟೆ, ಅಲ್ಲಿಂದ ನೇರ ಮನೆ. ಮನೆ ಎಂದ ಕೂಡಲೇ ನನ್ನ ಸ್ವಪ್ನಕ್ಕೆ ತಣ್ಣೀರು ಬಿತ್ತು. ನಮ್ಮ ಬೀದಿಯಲ್ಲಿ ನನ್ನ ಶಾಲೆ ಇದೆ, ಅದರ ಎದುರಿಗೆ ಇನ್ನೊಂದು ಶಾಲೆ ಇದೆ, ಅದರ ಮೆಟ್ಟಿಲ ಮೇಲೆ ಸಂಜೆ ಅವನು ಕೂತಿರುತ್ತಾನೆ. ಅವನ ಕಣ್ಣೆದುರು, ಅವನು ಕಲಿಸಿದವಳು ಕಾರು ಓಡಿಸುತ್ತಿರಲು, ನಾನು ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಪುರಪ್ರವೇಶ ಮಾಡುವುದೇ?

"ಇವತ್ತು ನಾನೇ ಓಡಿಸ್ತೀನಿ," ಎಂದೆ. "ಕಾಲು ಪೂರ್ತಿ ಸರಿಹೋಗಿದೆ."

"ಕಾಲು ಸರಿಹೋಗಿದೆ," ಎಂದಳು ಅವಳು, ನನ್ನ ಕಣ್ಣುಗಳನ್ನು ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ನೋಡುವಂತೆ ನೋಡುತ್ತ. "ಕಣ್ಣು ಹೇಗೋ."

ಆ ಮಾತಿನ ಅರ್ಥ ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು.

ರಸ್ತೆ ಚೆನ್ನಾಗಿತ್ತು. ಆದರೆ ಅದರ ಪಕ್ಕದಲ್ಲಿ ಇದ್ದದ್ದು ಅದಕ್ಕಿಂತ ಚೆನ್ನಾಗಿತ್ತು. ಸಾಲುಮರಗಳ ನಡುವೆ ಬಿಸಿಲು ಬಿದ್ದು ಏಳುತ್ತಿತ್ತು. ಹೆಂಡತಿ "ಮುಂದೆ ನೋಡಿ" ಎಂದಳು. (ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.) ಕೊನೆಯ ಕೋಟೆಯ ಸುತ್ತ ಅಗಲವಾದ ಕಂದಕ, ತಳದಲ್ಲಿ ಮೊಣಕಾಲುದ್ದದ ನೀರು, ಇಳಿಜಾರಿನ ತುಂಬ ಹುಲ್ಲು. ಕಂದಕದ ಅಂಚಿನಲ್ಲೇ ಕಾರು ನಿಲ್ಲಿಸುವ ಜಾಗ. ನಾನು ನಿಧಾನವಾಗಿ ಒಳಗೆ ತಂದೆ. ಅದೇ ಹೊತ್ತಿಗೆ ಒಂದು ಬಾತುಕೋಳಿ, ಹಿಂದೆ ಮರಿಗಳ ಸಾಲು ಕಟ್ಟಿಕೊಂಡು, ನೀರಿನ ಮೇಲೆ ಒಂದು ಉದ್ದನೆಯ ಗೆರೆ ಎಳೆಯುತ್ತ ಹೊರಟಿತು. ಗೆರೆ ಅಗಲವಾಗುತ್ತ ಅಗಲವಾಗುತ್ತ ದಡಕ್ಕೆ ಬಂದು ಮುಟ್ಟುವುದನ್ನು ನೋಡಬೇಕೆನಿಸಿತು. ನೋಡಿದೆ. ಅದು ದಡ ಮುಟ್ಟುವ ಹೊತ್ತಿಗೆ ನಾವೂ ಅಲ್ಲಿಗೆ ತಲುಪಿದ್ದೆವು.

ಕಾರು ಅವಸರಪಡಲಿಲ್ಲ. ರಾಜಗಾಂಭೀರ್ಯದಿಂದ ಹುಲ್ಲಿನ ಮೇಲೆ ಜಾರಿ, ಮುಂದಿನ ಎರಡು ಚಕ್ರಗಳನ್ನು ನೀರಿಗಿಳಿಸಿ, ಮೂಗು ತಗ್ಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಾತುಕೋಳಿ ಕೂಡ ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟಿತು.

"ಕೋಟೆ ಇಲ್ಲಿಂದ ಹತ್ರ ಕಾಣತ್ತೆ," ಎಂದರು ಮಾವನವರು.

ಟಿಕೆಟ್ ಕೊಡುವ ಹೆಂಗಸು ಓಡಿ ಬಂದು, ಇಷ್ಟು ವರ್ಷದಲ್ಲಿ ಶತ್ರುಗಳು ಕೂಡ ಈ ಕಡೆಯಿಂದ ನುಗ್ಗಿಲ್ಲ ಎಂದು ಹೇಳಿ, ಪಕ್ಕದ ಹೊಲದಿಂದ ಟ್ರಾಕ್ಟರ್ ಕರೆಸಿದಳು. ಟ್ರಾಕ್ಟರಿನವನು ಒಳ್ಳೆಯವನು. ಕಾರಿನ ಹಿಂಭಾಗಕ್ಕೆ ಹಗ್ಗ ಕಟ್ಟುತ್ತ ಕುಶಲೋಪರಿಗೆ ಇಳಿದ.

"ಸಾರ್ ಏನು ಕೆಲಸ ಮಾಡ್ಕೊಂಡಿದೀರಿ?"

ಸತ್ಯ ಹೇಳಲು ಅದು ಸೂಕ್ತ ಸ್ಥಳವಲ್ಲ ಅನ್ನಿಸಿತು. "ಕನ್ನಡಕದ ಅಂಗಡಿ," ಎಂದೆ.

"ಓ. ಕಣ್ಣು ಪರೀಕ್ಷೆ ಎಲ್ಲ ನೀವೇ ಮಾಡ್ತೀರಾ?" ಎಂದು ಕೇಳಿ, ಕಂದಕ ನೋಡಿ, ನನ್ನನ್ನು ನೋಡಿ, ಮುಂದೆ ಕೇಳದೆ ತಲೆ ತಗ್ಗಿಸಿದ.

ಇದು ಮೊದಲಿನದಕ್ಕಿಂತ ಕೆಟ್ಟದಾಯಿತು ಎಂದು ನಾನು ಯೋಚಿಸುತ್ತಿರುವಾಗಲೇ ಮಾವನವರು ಅಳಿಯನ ಮಾನ ಕಾಪಾಡಲು ಮುಂದೆ ಬಂದರು. "ಅಂಗಡಿ ನನ್ನ ಮಗಳದ್ದು ಕಣಪ್ಪ. ನಮ್ಮ ಅಳಿಯಂದ್ರು ಡ್ರೈವಿಂಗ್ ಕಲಿಸ್ತಾರೆ. ಊರಿಗೆಲ್ಲ ಇವರೇ ಕಲಿಸಿದ್ದು."

ಟ್ರಾಕ್ಟರಿನವನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ಒಬ್ಬರು ಒಳಗೆ ಕೂತು ಸ್ಟಿಯರಿಂಗ್ ನೇರ ಹಿಡಿದಿರಬೇಕು ಎಂದ. ಹೆಂಡತಿ ಮುಂದೆ ಬಂದಳು. ನಾನು ಅವಳನ್ನು ತಡೆದೆ. ಕಳೆದುಹೋದದ್ದು ನನ್ನ ಮಾನ, ಅದನ್ನು ಮೇಲೆತ್ತುವಾಗ ಒಳಗೆ ನಾನೇ ಇರಬೇಕಲ್ಲವೇ. ಕೂತೆ. ಟ್ರಾಕ್ಟರ್ ಗುಡುಗಿತು. ಕಾರು ಹಿಂದುಹಿಂದಕ್ಕೆ ಮೇಲೇರತೊಡಗಿತು.

ಆಗ ಮುಂದಿನ ಗಾಜಿನಲ್ಲಿ ಒಂದು ವಿಚಿತ್ರ ಶುರುವಾಯಿತು. ಮೊದಲು ನೀರು ಕಂಡಿತು, ಆಮೇಲೆ ಪಾಚಿಗಟ್ಟಿದ ಕಲ್ಲಿನ ಬುಡ, ಆಮೇಲೆ ಗೋಡೆ. ನಾನು ಮೇಲೇರಿದಂತೆಲ್ಲ ಕೋಟೆ ಇಂಚಿಂಚಾಗಿ ಅಗಲವಾಗುತ್ತ, ಎತ್ತರವಾಗುತ್ತ, ಗಾಜಿನ ತುಂಬ ತುಂಬಿಕೊಂಡಿತು. ಸಂಜೆಯ ಬಿಸಿಲು ಅಷ್ಟೂ ಕಿಟಕಿಗಳಿಗೆ ಒಟ್ಟಿಗೇ ತಗುಲಿ, ಒಳಗೆ ಯಾರೋ ದೀಪ ಹಚ್ಚಿ ನಮ್ಮನ್ನು ಕಾಯುತ್ತಿರುವಂತೆ ಇತ್ತು. ಬುರುಜಿನ ಸುತ್ತ ಹಕ್ಕಿಗಳು ಸುತ್ತು ಹೊಡೆಯುತ್ತಿದ್ದವು. ಇಷ್ಟು ಚೆಂದದ ವಸ್ತುವನ್ನು ನಾನು ಸ್ಟಿಯರಿಂಗಿನ ಹಿಂದಿನಿಂದ ಎಂದೂ ನೋಡಿರಲಿಲ್ಲ. ಎಂಜಿನ್ನಿನ ಸದ್ದು ನಿಂತದ್ದು ಕೇಳಿಸಿತು. ಟ್ರಾಕ್ಟರಿನವನು ಏನೋ ಹೇಳಿದ್ದೂ ಕೇಳಿಸಿತು. "ಹೂಂ" ಎಂದೆ. ಅವನು ಹಗ್ಗ ಬಿಚ್ಚಿದ.

ಅವನು ಕೇಳಿದ್ದು, ಹ್ಯಾಂಡ್‌ಬ್ರೇಕ್ ಹಾಕಿದೀರಾ ಸಾರ್, ಎಂದಂತೆ.

ಕೋಟೆ ಮತ್ತೆ ಮೆಲ್ಲಗೆ ಮೇಲೇರಿತು, ಗೋಡೆ ಬಂತು, ಪಾಚಿಗಟ್ಟಿದ ಬುಡ ಬಂತು, ನೀರು ಬಂತು. ಬಾತುಕೋಳಿ ಈ ಸಲ ಮೊದಲೇ ಸರಿದು ನಿಂತಿತ್ತು.

ನಾನು ಬಾಗಿಲು ತೆರೆದು, ನೀರಿಗಿಳಿದು, ಹುಲ್ಲು ಹಿಡಿದು ಮೇಲೆ ಬಂದೆ.  ಟ್ರಾಕ್ಟರಿನವನು ಹಗ್ಗ ಸುತ್ತಿಕೊಂಡು ನನ್ನ ಹೆಂಡತಿಯನ್ನೇ ಕೇಳಿದ, "ಅಮ್ಮ, ಈ ಸಲವೂ ಸಾರೇ ಒಳಗೆ ಕೂರ್ತಾರಾ?"

"ಇಲ್ಲ," ಎಂದಳು. ಹಿಂದಿನ ಸೀಟಿನಿಂದ ದಿಂಬು ತರಿಸಿ, ಹುಲ್ಲಿನ ಮೇಲೆ ಹಾಕಿ, ನನ್ನ ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ, ತೋಳು ಹಿಡಿದು ಕೂರಿಸಿದಳು. "ಇವರು ಇಲ್ಲೇ ಕೂತು ಕೋಟೆ ನೋಡ್ತಾರೆ."

ನೋಡಿದೆ. ಬಹಳ ಚೆನ್ನಾಗಿತ್ತು.